ಕ್ರೂಗರ್ ಅಭಯಾರಣ್ಯದ ವಿಹಾರಗ್ರಾಮಗಳು: ಅವುಗಳ ಹೆಸರುಗಳ ವಿಚಾರ

ಊರು ಅಳಿದ ಮೇಲೆಯೂ ಊರಿನ ಹೆಸರು ಉಳಿಯುವುದುಂಟು. ಮನೆಗಳು ಮಣ್ಣಾಗಿ, ಒಕ್ಕಲು ಚದುರಿ, ಹೊಲಗಳಲ್ಲಿ ಮುಳ್ಳುಗಿಡ ಬೆಳೆದ ಮೇಲೆಯೂ ಹೊಳೆಗೋ ದಿಣ್ಣೆಗೋ ಅಂಟಿಕೊಂಡ ಒಂದು ಮಾತು ಅಲ್ಲಿಯೇ ನಿಂತು, ಅಲ್ಲಿ ಯಾರಿದ್ದರು, ಯಾರು ಬಂದರು, ಯಾರನ್ನು ಯಾರು ಹೊರಡಿಸಿದರು ಎಂಬುದಕ್ಕೆ ಸಾಕ್ಷಿಯಾಗಿರುತ್ತದೆ. ಸ್ಥಳನಾಮಗಳ ವ್ಯಾಸಂಗಕ್ಕೆ ಪುರಾತನವಾದ ಊರುಗಳನ್ನು ಆರಿಸಿಕೊಳ್ಳುವುದು ವಿದ್ವಾಂಸರ ವಾಡಿಕೆ. ಆದರೆ ಈಚಿನ ಕಾಲದಲ್ಲಿ, ಅದರಲ್ಲಿಯೂ ಕೇವಲ ವಿಹಾರಾರ್ಥವಾಗಿ, ಹುಟ್ಟಿದ ನೆಲೆಗಳ ಹೆಸರುಗಳೂ ಈ ವ್ಯಾಸಂಗಕ್ಕೆ ಯೋಗ್ಯವಾದವುಗಳೇ. ಅವು ಹುಟ್ಟಿದ ಸಂದರ್ಭವು ದಾಖಲೆಗಳಲ್ಲಿ ಸಿಕ್ಕುವುದರಿಂದ, ಹೆಸರು ಏನನ್ನು ಹೇಳುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಬಹುದು. ಇದಕ್ಕೆ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದೊಳಗಿನ ವಿಹಾರಗ್ರಾಮಗಳು ಒಳ್ಳೆಯ ನಿದರ್ಶನ. ಇವುಗಳಲ್ಲಿ ಹೊಲವಿಲ್ಲ, ದನಕರುವಿಲ್ಲ, ತಲೆತಲಾಂತರದ ಮನೆತನಗಳಿಲ್ಲ. ಬಂದವರು ಬಾಡಿಗೆ ತೆತ್ತು ಕೆಲವು ರಾತ್ರಿ ತಂಗಿ, ಸಿಂಹ ಆನೆಗಳನ್ನು ನೋಡಿ ಹೊರಟುಹೋಗುತ್ತಾರೆ. ಆದರೂ ಇವುಗಳ ಹೆಸರುಗಳಲ್ಲಿ ಆ ಸೀಮೆಯ ನೂರು ವರ್ಷಗಳಿಗೂ ಮೀರಿದ ಇತಿಹಾಸವು ಅಡಗಿದೆ.

೧. ಪ್ರದೇಶ ಮತ್ತು ಪೂರ್ವವೃತ್ತಾಂತ

ದಕ್ಷಿಣ ಆಫ್ರಿಕದ ಈಶಾನ್ಯದ ಮೂಲೆಯಲ್ಲಿ, ದಕ್ಷಿಣಕ್ಕೆ ಕ್ರೊಕೊಡೈಲ್ ಹೊಳೆ, ಉತ್ತರಕ್ಕೆ ಲಿಂಪೋಪೋ ನದಿ, ಪೂರ್ವಕ್ಕೆ ಲೆಬೊಂಬೊ ಬೆಟ್ಟಗಳ ಸಾಲು, ಇವುಗಳ ನಡುವೆ ಹರಡಿರುವ ತಗ್ಗುನಾಡೇ ಈ ಉದ್ಯಾನ. ಇದರ ವಿಸ್ತೀರ್ಣವು ೧೯,೦೦೦ ಚದರ ಕಿಲೋಮೀಟರುಗಳನ್ನು ಮೀರಿದುದು. ಉತ್ತರ ದಕ್ಷಿಣವಾಗಿ ಉದ್ದವು ಸುಮಾರು ೩೫೦ ಕಿಲೋಮೀಟರು. 'ಉದ್ಯಾನ'ವೆಂದರೆ ಹೂದೋಟವೆಂದು ಭಾವಿಸತಕ್ಕದ್ದಲ್ಲ. ಮುಳ್ಳುಪೊದೆ, ಹುಲ್ಲುಗಾವಲು, ಕುರುಚಲು ಕಾಡುಗಳಿಂದ ಕೂಡಿದ ಬಯಲುಸೀಮೆಯಿದು. ಇದರ ಸುತ್ತುಮುತ್ತ ತ್ಸೋಂಗಾ, ಸ್ವಾಜಿ, ಸೋಥೋ, ವೆಂಡಾ ಮೊದಲಾದ ಭಾಷೆಗಳನ್ನಾಡುವ ಜನರು ವಾಸಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ಬಂದ ಬೇಟೆಗಾರರು ದಂತಕ್ಕಾಗಿಯೂ ಚರ್ಮಕ್ಕಾಗಿಯೂ ಮೃಗಗಳನ್ನು ಮಿತಿಯಿಲ್ಲದೆ ಕೊಂದರು. ಅಳಿದುಳಿದುದಕ್ಕೆ ೧೮೯೬ರ ದೊಡ್ಡರೋಗವು ಹೊಡೆತ ಕೊಟ್ಟಿತು. ದನಗಳನ್ನು ಮಾತ್ರವಲ್ಲದೆ ಕಾಡೆಮ್ಮೆಯೇ ಮೊದಲಾದ ಮೃಗಗಳನ್ನೂ ಅದು ಗುಂಪುಗುಂಪಾಗಿ ನಾಶಮಾಡಿತು. ಆಗ ಟ್ರಾನ್ಸ್‌ವಾಲಿನ ಬೋಯರ್ ಗಣರಾಜ್ಯದ ಅಧ್ಯಕ್ಷನಾಗಿದ್ದ ಪಾಲ್ ಕ್ರೂಗರನು ೧೮೯೮ನೆಯ ಇಸವಿಯಲ್ಲಿ ಸಾಬೀ ಮತ್ತು ಕ್ರೊಕೊಡೈಲ್ ಹೊಳೆಗಳ ನಡುವಣ ಭಾಗವನ್ನು ರಕ್ಷಿತಾರಣ್ಯವೆಂದು ಘೋಷಿಸಿದನು. ಮರುವರ್ಷವೇ ಬೋಯರರಿಗೂ ಇಂಗ್ಲೀಷರಿಗೂ ಯುದ್ಧವು ಮೊದಲಾದುದರಿಂದ ಆ ಘೋಷಣೆಯು ಕಾಗದದ ಮೇಲೆಯೇ ನಿಂತಿತು. ಯುದ್ಧವು ಮುಗಿದ ೧೯೦೨ರಲ್ಲಿ ಇಂಗ್ಲೀಷರ ಆಡಳಿತವು ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ಸೈನ್ಯಾಧಿಕಾರಿಯನ್ನು ಅರಣ್ಯದ ಮುಖ್ಯಪಾಲಕನನ್ನಾಗಿ ನೇಮಿಸಿತು. ಆತನು ೧೯೪೬ರವರೆಗೆ, ಮಹಾಯುದ್ಧದ ಕಾಲದ ವಿರಾಮವೊಂದನ್ನುಳಿದು, ಅದೇ ಅಧಿಕಾರದಲ್ಲಿದ್ದನು. ಮುಂದೆ ವಿಚಾರಮಾಡತಕ್ಕ ಹೆಸರುಗಳಲ್ಲಿ ಮುಖ್ಯವಾದುದು ಈತನಿಗೆ ಸಂಬಂಧಪಟ್ಟದ್ದು.

೨. ರೈಲುಹಳಿಯಿಂದ ತಂಗುದಾಣಕ್ಕೆ

ಹ್ಯಾಮಿಲ್ಟನನು ತನ್ನ ಠಾಣ್ಯವನ್ನು ಸಾಬೀ ಹೊಳೆಯ ದಡದಲ್ಲಿ, ಯುದ್ಧಕಾಲದ ಕಾವಲುಮನೆಯೊಂದಿದ್ದ ಸ್ಥಳದಲ್ಲಿ ಮಾಡಿಕೊಂಡನು. ಅದಕ್ಕೆ 'ಸಾಬೀ ಬ್ರಿಜ್', ಎಂದರೆ ಸಾಬೀ ಸೇತುವೆ, ಎಂದು ಹೆಸರು. ಸೆಲಾಟಿ ಎಂಬ ಚಿನ್ನದ ಸೀಮೆಗೆ ಹೋಗಬೇಕಾಗಿದ್ದ ರೈಲುದಾರಿಯು ಆ ಸ್ಥಳದಲ್ಲಿ ಹೊಳೆಯನ್ನು ದಾಟುತ್ತದೆ. ಗುತ್ತಿಗೆದಾರರ ಮೋಸದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅರ್ಧಕ್ಕೆ ನಿಂತ ಆ ಕೆಲಸವು ೧೯೧೨ರಲ್ಲಿ ಮುಕ್ತಾಯವಾಯಿತು. ಚಿನ್ನದಿಂದ ದೊರೆಯಬೇಕಾಗಿದ್ದ ಲಾಭವು ದೊರೆಯಲಿಲ್ಲ. ಆದರೆ ಆ ಹಳಿಗಳೇ ಮುಂದೆ ಬೇರೊಂದು ವ್ಯಾಪಾರಕ್ಕೆ ದಾರಿಯಾದುವು.

೧೯೨೩ರಲ್ಲಿ ದಕ್ಷಿಣ ಆಫ್ರಿಕದ ರೈಲ್ವೆ ಇಲಾಖೆಯವರು ಒಂಬತ್ತು ದಿನಗಳ ವಿಹಾರಯಾತ್ರೆಯೊಂದನ್ನು ಏರ್ಪಡಿಸಿದರು. ರೈಲು ಈ ಅರಣ್ಯದೊಳಗಣಿಂದ ಹೋಗುವಾಗ ಸಾಬೀ ಸೇತುವೆಯ ಬಳಿ ರಾತ್ರಿ ನಿಲ್ಲುತ್ತಿತ್ತು. ಯಾತ್ರಿಕರು ಬಂದೂಕು ಹಿಡಿದ ಪಾಲಕನೊಡನೆ ಸ್ವಲ್ಪ ದೂರ ಕಾಡಿನಲ್ಲಿ ನಡೆದು, ಬೆಂಕಿಯ ಸುತ್ತಲೂ ಕುಳಿತು ಕಥೆಗಳನ್ನು ಕೇಳಿ, ಗಾಡಿಯಲ್ಲಿಯೇ ಮಲಗುವರು. ಇಡೀ ಯಾತ್ರೆಯಲ್ಲಿ ಜನರಿಗೆ ಹೆಚ್ಚು ಹಿಡಿಸಿದ್ದು ಈ ಒಂದು ರಾತ್ರಿಯೇ. ಮೃಗಗಳನ್ನು ಕೊಲ್ಲುವುದಕ್ಕೆ ಮಾತ್ರವಲ್ಲ, ಸುಮ್ಮನೆ ನೋಡುವುದಕ್ಕೂ ಜನರು ಹಣ ಕೊಡುವರೆಂಬುದು ಇದರಿಂದ ತಿಳಿದುಬಂದಿತು. ಸಾರ್ವಜನಿಕರ ಈ ಆಸಕ್ತಿಯು ಅರಣ್ಯವನ್ನು ಉಳಿಸುವ ವಾದಕ್ಕೆ ಬಲವನ್ನು ತಂದಿತು. ೧೯೨೬ರ ಮೇ ತಿಂಗಳ ೩೧ರಂದು ರಾಷ್ಟ್ರೀಯ ಉದ್ಯಾನಗಳ ಶಾಸನವು ಅಂಗೀಕೃತವಾಗಿ, ದಕ್ಷಿಣದ ಸಾಬೀ ಅರಣ್ಯವೂ ಉತ್ತರದ ಶಿಂಗ್ವೆಡ್ಜಿ ಅರಣ್ಯವೂ ಒಂದಾಗಿ 'ಕ್ರೂಗರ್ ರಾಷ್ಟ್ರೀಯ ಉದ್ಯಾನ'ವೆನಿಸಿದುವು.

೧೯೨೭ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಪ್ರವೇಶದ ಶುಲ್ಕ ಒಂದು ಪೌಂಡು. ಆ ವರ್ಷ ಒಳಕ್ಕೆ ಬಂದ ಮೋಟಾರುಗಳು ಮೂರು. ೧೯೨೮ರಲ್ಲಿ ಅವುಗಳ ಸಂಖ್ಯೆ ೧೮೦, ೧೯೨೯ರಲ್ಲಿ ೮೫೦. ಆರಂಭದಲ್ಲಿ ಬಂದವರಿಗೆ ಮನೆಯಿರಲಿಲ್ಲ. ಮುಳ್ಳುಬೇಲಿಯ ಆವರಣದಲ್ಲಿ ಬೆಂಕಿ ಹಾಕಿಕೊಂಡು ಬಯಲಲ್ಲಿಯೇ ಮಲಗುತ್ತಿದ್ದರು. ಪ್ರಿಟೋರಿಯಸ್‌ಕಾಪ್, ಸಾಬೀ ಸೇತುವೆ, ಸತಾರಾ, ಲೆಟಾಬಾ ಮೊದಲಾದೆಡೆಗಳಲ್ಲಿ ಕ್ರಮವಾಗಿ ಗುಡಿಸಲುಗಳು ಎದ್ದುವು. ಚಳಿಜ್ವರದ ಭಯದಿಂದ ಬೇಸಗೆಯ ಮಳೆಗಾಲದಲ್ಲಿ ಪ್ರವಾಸಿಗಳಿಗೆ ಪ್ರವೇಶವಿರುತ್ತಿರಲಿಲ್ಲ; ಹುಲ್ಲು ಒಣಗಿ ಮೃಗಗಳು ನೀರಿನ ಬಳಿಗೆ ಬರುವ ಚಳಿಗಾಲವೇ ವಿಹಾರದ ಕಾಲವಾಯಿತು.

೩. 'ಸ್ಕುಕೂಜಾ' ಎಂಬ ಮಾತು

೧೯೩೬ರಲ್ಲಿ ಸಾಬೀ ಸೇತುವೆಯ ಹೆಸರನ್ನು 'ಸ್ಕುಕೂಜಾ' ಎಂದು ಬದಲಾಯಿಸಿದರು. ಇದು ಹ್ಯಾಮಿಲ್ಟನನಿಗೆ ಅಲ್ಲಿಯ ಆಫ್ರಿಕನ್ ಜನರು ಕೊಟ್ಟ ಅಡ್ಡಹೆಸರು. ಗುಡಿಸಿಹಾಕುವವನು, ಗುಡಿಸಿ ಬರಿದುಮಾಡುವವನು ಎಂಬುದು ಇದರ ಸಾಮಾನ್ಯವಾದ ವಿವರಣೆ. ಎಲ್ಲವನ್ನೂ ತಲೆಕೆಳಗುಮಾಡುವವನು ಎಂದು ಮತ್ತೊಂದು ವಿವರಣೆಯುಂಟು. ಎರಡು ಅರ್ಥಗಳೂ ಒಂದೇ ಅನುಭವದಿಂದ ಹುಟ್ಟಿದವು.

ಆ ಅನುಭವವು ಯಾವುದು? ಹೊಸ ಪಾಲಕನು ಕಳ್ಳಬೇಟೆಯನ್ನು ಅಡಗಿಸಿದನು. ಬಿಳಿಯ ಬೇಟೆಗಾರರನ್ನೂ ಪೋಲೀಸಿನವರನ್ನೂ ನ್ಯಾಯಸ್ಥಾನಕ್ಕೆ ಎಳೆಯಲು ಹಿಂಜರಿಯಲಿಲ್ಲ. ಪ್ರವಾಸಿಗಳಿಗಾಗಿ ಬರೆದ ವೃತ್ತಾಂತಗಳು ಈ ಭಾಗವನ್ನು ವಿಸ್ತಾರವಾಗಿ ಹೇಳುತ್ತವೆ. ಆದರೆ ಗುಡಿಸಿದ್ದು ಅಷ್ಟೇ ಅಲ್ಲ. ಅಧಿಕಾರಕ್ಕೆ ಬಂದ ಮೊದಲ ವರ್ಷದಲ್ಲಿಯೇ ಆತನು ಅರಣ್ಯದ ಮೇರೆಯೊಳಗೆ ಹಿಂದಿನಿಂದಲೂ ವಾಸವಾಗಿದ್ದ ಸಾವಿರಾರು ಜನ ಆಫ್ರಿಕನರನ್ನು ಹೊರಕ್ಕೆ ಸಾಗಿಸಿದನು. ತರುವಾಯ ಅರಣ್ಯದ ಮೇರೆಗಳು ವಿಸ್ತರಿಸಿದಾಗ ಒಳಗೆ ಸೇರಿದ ಹಳ್ಳಿಗಳವರನ್ನು ಒಕ್ಕಲುಗಳೆಂದು ಎಣಿಸಿ, ಗೇಣಿಯನ್ನೋ ಅದಕ್ಕೆ ಬದಲಾಗಿ ದುಡಿಮೆಯನ್ನೋ ಅವರಿಂದ ಪಡೆಯುವ ಪದ್ಧತಿಯು ಬಂದಿತು. ನಿನ್ನೆಯವರೆಗೆ ತಮ್ಮದಾಗಿದ್ದ ನೆಲದ ಮೇಲೆ ಅವರು ಅನುಮತಿ ಪಡೆದು ಇರತಕ್ಕವರಾದರು. ಮನೆಯ ಊಟಕ್ಕಾಗಿ ಒಂದು ಜಿಂಕೆಯನ್ನು ಹಿಡಿದವನು ಅಪರಾಧಿಯಾದನು.

ಇಲ್ಲಿ ವಿಚಾರಮಾಡತಕ್ಕ ಅಂಶವೆಂದರೆ ಅರ್ಥದ ಪರಿವರ್ತನೆ. ಹೊರಡಿಸಲ್ಪಟ್ಟವರು ಹೊರಡಿಸಿದವನನ್ನು ಕುರಿತು ಆಡಿದ ಮಾತಿನಲ್ಲಿ ಭಯವೂ ಅಸಮಾಧಾನವೂ ಇರುವುದು ಸ್ವಾಭಾವಿಕವೇ ಆಗಿದೆ; ಅದರೊಡನೆ ಸ್ವಲ್ಪ ವಿನೋದವೂ ಬೆರೆತಿದ್ದೀತು. ಅದೇ ಮಾತನ್ನು ಉದ್ಯಾನದ ಅಧಿಕಾರಿಗಳು ಗೌರವಾರ್ಥವಾಗಿ ಫಲಕದ ಮೇಲೆ ಬರೆಯಿಸಿದಾಗ ಅದು ಬಿರುದಾಯಿತು. ನಿಂದೆಯ ಮಾತು ಬಿರುದಾಗುವುದು ಭಾಷೆಗಳಲ್ಲಿ ಅಪೂರ್ವವೇನಲ್ಲ. ಆದರೆ ಇಲ್ಲಿ ನಿಂದೆಯನ್ನಾಡಿದವರಿಗೆ ಆ ಊರಿನಲ್ಲಿ ಅತಿಥಿಗಳಾಗಿ ತಂಗುವ ಅವಕಾಶವೇ ಇಲ್ಲದಾಗ, ಅವರ ಮಾತು ಮಾತ್ರ ಊರಿನ ಹೆಸರಾಗಿ ನಿಂತಿತು ಎಂಬುದು ವಿಶೇಷ. ಹ್ಯಾಮಿಲ್ಟನನ ವ್ಯಕ್ತಿತ್ವವನ್ನು ಈ ಒಂದು ಪದದಿಂದಲೇ ಅಳೆಯುವುದೂ ಸರಿಯಲ್ಲ. ಮೃಗಗಳನ್ನು ತನ್ನ ಜೀವಮಾನದುದ್ದಕ್ಕೂ ಪಾಲಿಸಿದವನು ಆತನು. ರೈತರ, ಗಣಿಗಾರರ, ರೈಲ್ವೆಯವರ ಒತ್ತಾಯವನ್ನು ಆತನು ತಡೆಯದಿದ್ದರೆ ಇಂದು ನೋಡಲು ಅರಣ್ಯವೇ ಇರುತ್ತಿರಲಿಲ್ಲ. ಸ್ಕುಕೂಜಾ ಎಂಬ ಹೆಸರು ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹೊತ್ತುಕೊಂಡಿದೆ. ಒಂದನ್ನು ಬಿಟ್ಟು ಮತ್ತೊಂದನ್ನು ಹೇಳಿದರೆ ಪದದ ಅರ್ಥವು ಅರ್ಧವಾಗುತ್ತದೆ.

೪. ದುಂಡುಮನೆ ಮತ್ತು ಬೇಲಿ

ಇಂದಿನ ಸ್ಕುಕೂಜಾ ಬಿಡಾರವಲ್ಲ, ಸಣ್ಣ ಪಟ್ಟಣವೇ ಸರಿ. ಅಂಗಡಿ, ಭೋಜನಶಾಲೆ, ಅಂಚೆಮನೆ, ಚರ್ಚು, ವೈದ್ಯಶಾಲೆ, ಪುಸ್ತಕಭಂಡಾರ, ನೌಕರರ ವಸತಿಗಳು, ಹತ್ತಿರದಲ್ಲಿಯೇ ವಿಮಾನನಿಲ್ದಾಣ, ಇವೆಲ್ಲ ಅಲ್ಲಿ ಇವೆ. ಬೇಲಿಯಿಲ್ಲದ ಗಾಲ್ಫ್ ಮೈದಾನವೊಂದಿದ್ದು, ಆಡುವವರ ನಡುವೆ ಜಿಂಕೆಗಳೂ ಕಾಡುಹಂದಿಗಳೂ ಮೇಯುತ್ತಿರುತ್ತವೆ. ಪುಸ್ತಕಭಂಡಾರಕ್ಕೆ ಹ್ಯಾಮಿಲ್ಟನನ ಹೆಸರನ್ನಿಟ್ಟಿದ್ದಾರೆ. ಹ್ಯಾರಿ ವೊಲ್ಹೂಟರ್ ಎಂಬ ಪಾಲಕನು ತನ್ನನ್ನು ಕಚ್ಚಿ ಎಳೆದೊಯ್ಯುತ್ತಿದ್ದ ಸಿಂಹವನ್ನು ೧೯೦೩ರಲ್ಲಿ ಚೂರಿಯಿಂದ ಇರಿದು ಕೊಂದನು. ಆ ಚೂರಿಯನ್ನು ಇಲ್ಲಿ ಪ್ರದರ್ಶನಕ್ಕೆ ಇಟ್ಟಿರುವರು.

ಈ ವಿಹಾರಗ್ರಾಮಗಳ ಮನೆಯ ರೂಪವೂ ಗಮನಾರ್ಹವಾದುದು. ಗುಂಡಾದ ಗೋಡೆ, ಮೇಲೆ ಶಂಕುವಿನಾಕಾರದ ಹುಲ್ಲಿನ ಚಾವಣಿ. ಇದಕ್ಕೆ ಆಫ್ರಿಕಾನ್ಸ್ ಭಾಷೆಯಿಂದ ಬಂದ 'ರಾಂಡಾವೆಲ್' ಎಂಬ ಹೆಸರಿದೆ. ರೂಪವು ಮಾತ್ರ ಆ ಸೀಮೆಯ ಆಫ್ರಿಕನ್ ಒಕ್ಕಲುಗಳ ಮನೆಯದೇ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಸಾಮಗ್ರಿಯು ಹತ್ತಿರದಲ್ಲಿಯೇ ದೊರೆಯತಕ್ಕದ್ದು. ಹೀಗಾಗಿ ಕಟ್ಟುವವರು ಅದನ್ನೇ ಆರಿಸಿಕೊಂಡುದು ಸಹಜವಾಗಿದೆ. ಪ್ರಿಟೋರಿಯಸ್‌ಕಾಪಿನ ಮೊದಲ ಗುಡಿಸಲುಗಳಿಗೆ ಕಿಟಕಿಯಿರಲಿಲ್ಲ. ಗೋಡೆಗೂ ಚಾವಣಿಗೂ ನಡುವೆ ಗಾಳಿಗಾಗಿ ಸಂದು ಬಿಟ್ಟು, ಬಾಗಿಲಿನಲ್ಲಿ ತೂತು ಕೊರೆದಿದ್ದರು. ಹೊರಕ್ಕೆ ಕಾಲಿಡುವ ಮೊದಲು ಸಿಂಹವೇನಾದರೂ ಅಂಗಳದಲ್ಲಿದೆಯೋ ಎಂದು ಆ ತೂತಿನಿಂದ ನೋಡಿಕೊಳ್ಳಬೇಕಾಗಿತ್ತು. ಹೀಗೆ ಗುಡಿಸಿಹೋದ ಹಳ್ಳಿಗಳ ಮನೆಯ ಆಕಾರವು ವಿಹಾರಗ್ರಾಮಗಳಲ್ಲಿ ಉಳಿದುಕೊಂಡಿತು. ಮನೆಯವರು ಮಾತ್ರ ಬೇರೆಯಾದರು.

ಬೇಲಿಯ ವಿಷಯದಲ್ಲಿ ಇನ್ನೊಂದು ವ್ಯತ್ಯಾಸವು ತೋರುತ್ತದೆ. ಮೃಗಶಾಲೆಯಲ್ಲಿ ಮೃಗವು ಒಳಗೆ, ಮನುಷ್ಯನು ಹೊರಗೆ. ಇಲ್ಲಿ ಮನುಷ್ಯನು ಒಳಗೆ, ಮೃಗವು ಹೊರಗೆ. ಸೂರ್ಯೋದಯದ ವೇಳೆಗೆ ಬಾಗಿಲು ತೆರೆಯುತ್ತದೆ, ಸೂರ್ಯಾಸ್ತದ ವೇಳೆಗೆ ಮುಚ್ಚುತ್ತದೆ. ಈ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ತಡವಾಗಿ ಬಂದವರಿಗೆ ದಂಡ. ಗೊತ್ತಾದ ಸ್ಥಳಗಳಲ್ಲದೆ ಬೇರೆಡೆ ಮೋಟಾರಿನಿಂದ ಇಳಿಯಕೂಡದು. ಡಾಂಬರು ರಸ್ತೆಯಲ್ಲಿ ಗಂಟೆಗೆ ೫೦, ಜಲ್ಲಿರಸ್ತೆಯಲ್ಲಿ ೪೦ ಕಿಲೋಮೀಟರಿಗಿಂತ ವೇಗವಾಗಿ ಹೋಗಕೂಡದು. ರಾತ್ರಿ ಜನರು ಬೆಂಕಿಯ ಮೇಲೆ ಮಾಂಸವನ್ನು ಸುಡುವಾಗ ಕತ್ತೆಕಿರುಬಗಳು ಬೇಲಿಯ ಹೊರಗೆ ಉದ್ದಕ್ಕೂ ಸುಳಿದಾಡುತ್ತವೆ. ಕೋತಿಗಳಿಗಂತೂ ಬೇಲಿಯ ಲೆಕ್ಕವೇ ಇಲ್ಲ.

೫. ಹಲವು ನುಡಿಗಳ ಹೆಸರುಗಳು

ಉದ್ಯಾನದ ಮುಖ್ಯವಾದ ತಂಗುದಾಣಗಳು ಹನ್ನೆರಡು. ಇವುಗಳಲ್ಲದೆ ಚಿಕ್ಕವು ಹಲವು ಇವೆ. ಹೆಸರುಗಳನ್ನು ಅವುಗಳ ಮೂಲವನ್ನನುಸರಿಸಿ ವಿಂಗಡಿಸಬಹುದು. ಮೊದಲನೆಯವು ನೆಲ, ನೀರು, ಮರ, ಮೃಗಗಳಿಂದ ಬಂದವು. ಲೆಟಾಬಾ ಎಂಬ ಹೊಳೆಯ ಹೆಸರನ್ನು ಸೋಥೋ ನುಡಿಯ ಮರಳೆಂಬರ್ಥದ ಮಾತಿನೊಡನೆ ಜೋಡಿಸುವರು. ವರ್ಷದ ಬಹುಭಾಗ ಮರಳೇ ಕಾಣುವ ಆ ಹೊಳೆಗೆ ಇದು ಒಪ್ಪುತ್ತದೆ. ಒಲಿಫಾಂಟ್ಸ್ ಎಂಬುದು ಡಚ್ಚರ ಮಾತು. ಆನೆಗಳ ಹೊಳೆಯೆಂದು ತಾತ್ಪರ್ಯ. ಬರ್ಗ್-ಎನ್-ಡಾಲ್ ಎಂದರೆ ಬೆಟ್ಟವೂ ಕಣಿವೆಯೂ. ಮೊಪಾನಿಯು ಉತ್ತರಭಾಗದ ಬಯಲನ್ನೆಲ್ಲ ತುಂಬಿರುವ ಒಂದು ಮರದ ಹೆಸರು.

ಎರಡನೆಯವು ವ್ಯಕ್ತಿಗಳಿಂದ ಬಂದವು. ಉದ್ಯಾನಕ್ಕೆ ಜಮೀನುಗಳನ್ನು ದಾನಮಾಡಿದ ಅಯ್ಲೀನ್ ಆರ್ಪೆನ್ ಎಂಬಾಕೆಯ ಮನೆತನದ ಹೆಸರು ಆರ್ಪೆನ್ ತಂಗುದಾಣಕ್ಕೆ ಬಂದಿದೆ. ಪ್ರಿಟೋರಿಯಸ್ ಎಂಬ ಬೋಯರ್ ಹೆಸರಿಗೆ 'ಕಾಪ್' ಸೇರಿ ಪ್ರಿಟೋರಿಯಸ್‌ಕಾಪ್ ಆಗಿದೆ. ಈ 'ಕಾಪ್' ಎಂಬುದನ್ನು ಕನ್ನಡದ 'ಕೊಪ್ಪ', 'ಕೊಪ್ಪಲು'ಗಳೊಡನೆ ಸೇರಿಸುವ ಆಸೆಯು ನಮ್ಮ ಸೀಮೆಯ ಓದುಗರಿಗೆ ಹುಟ್ಟಬಹುದು. ಅದು ಸಲ್ಲದು. ಡಚ್ ಭಾಷೆಯಲ್ಲಿ ಅದರ ಅರ್ಥ ತಲೆ. ತಲೆಯಂತೆ ಎದ್ದ ಗುಡ್ಡಕ್ಕೆ ಅದು ಸಲ್ಲುತ್ತದೆ. ಧ್ವನಿಯ ಹೋಲಿಕೆಯೊಂದರಿಂದಲೇ ಸಂಬಂಧವನ್ನು ಸ್ಥಾಪಿಸಬಾರದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮೂರನೆಯವು ಒಂದು ಮಾತು ಮತ್ತೊಂದರ ಕಡೆಗೆ ಬಾಗಿ ಆದವು. ಉತ್ತರದ ಪುಂಡಾ ಮರಿಯಾ ಇಂಥದು. ಸ್ವಾಹಿಲಿ ಭಾಷೆಯಲ್ಲಿ 'ಪುಂಡಾ' ಎಂದರೆ ಕತ್ತೆ, 'ಮಿಲಿಯಾ' ಎಂದರೆ ಪಟ್ಟೆಯುಳ್ಳದ್ದು. ಎರಡೂ ಸೇರಿ ಜೀಬ್ರಾಕ್ಕೆ ಹೆಸರು. ಸ್ವಾಹಿಲಿಯು ಈ ಸೀಮೆಯ ನುಡಿಯಲ್ಲ, ಪೂರ್ವ ಆಫ್ರಿಕದ ಕರಾವಳಿಯದು. ೧೯೧೯ರಲ್ಲಿ ಅಲ್ಲಿಗೆ ಪಾಲಕನಾಗಿ ಬಂದ ಕುಟ್ಸರ್ ಎಂಬಾತನು ಆ ಪದವನ್ನು ಠಾಣ್ಯಕ್ಕೆ ಇಡುವಾಗ 'ಮಿಲಿಯಾ' ಎಂಬುದನ್ನು 'ಮರಿಯಾ' ಎಂದು ಮಾಡಿದನು. ಅದು ಆತನ ಹೆಂಡತಿಯ ಹೆಸರು. ಆಕೆಗೆ ಪಟ್ಟೆಯ ಬಟ್ಟೆಗಳ ಮೇಲೆ ಪ್ರೀತಿಯಿತ್ತೆಂದು ಕಥೆ. ಇದನ್ನು ತಪ್ಪೆಂದು ತಿಳಿದು 'ಮಿಲಿಯಾ' ಎಂದು ತಿದ್ದಿ ಬರೆದ ಕಾಲವೂ ಇತ್ತು. ಕೊನೆಗೆ ಮರಿಯಾ ಎಂಬುದೇ ಗೆದ್ದಿತು. ವ್ಯಾಕರಣದ ಶುದ್ಧಿಗಿಂತ ಬಳಕೆಯೂ ಸ್ನೇಹವೂ ಬಲವಾದುವೆಂದು ಹೇಳಬಹುದು.

೬. ಹದಿನೇಳನೆಯ ಜಮೀನು

ಭಾರತೀಯ ಓದುಗರಿಗೆ ಇವೆಲ್ಲಕ್ಕಿಂತ ಕುತೂಹಲಕರವಾದ ಹೆಸರು ಉದ್ಯಾನದ ಮಧ್ಯಭಾಗದ 'ಸತಾರಾ'. ಸುತ್ತಲಿನ ಹುಲ್ಲುಗಾವಲುಗಳಲ್ಲಿ ಜೀಬ್ರಾ, ಜಿರಾಫೆಗಳು ಸಮೃದ್ಧವಾಗಿರುವುದರಿಂದ ಸಿಂಹಗಳೂ ಇಲ್ಲಿ ಹೆಚ್ಚು. ಹೆಸರಿನ ವಿಷಯದಲ್ಲಿ ಪ್ರಚಲಿತವಾದ ಕಥೆ ಹೀಗಿದೆ: ಆ ಸೀಮೆಯನ್ನು ಜಮೀನುಗಳನ್ನಾಗಿ ಅಳೆದು ಹಂಚಲು ಸರ್ವೆ ಮಾಡುತ್ತಿದ್ದಾಗ ಸರ್ವೇದಾರನಿಗೆ ಒಬ್ಬ ಭಾರತೀಯ ಸಹಾಯಕನಿದ್ದನು, ನಕ್ಷೆಯಲ್ಲಿ ಹದಿನೇಳನೆಯ ತುಂಡಿಗೆ ಆತನು ತನ್ನ ಭಾಷೆಯ ಸಂಖ್ಯಾವಾಚಕವನ್ನೇ ಬರೆದನು, ಅದೇ ಹೆಸರಾಯಿತು.

ಈ ಕಥೆಯನ್ನು ಭಾಷೆಯ ಕಡೆಯಿಂದ ಪರೀಕ್ಷಿಸಬಹುದು. ಸಂಸ್ಕೃತದ 'ಸಪ್ತದಶ'ವು ಪ್ರಾಕೃತದಲ್ಲಿ 'ಸತ್ತರಸ', 'ಸತ್ತರಹ' ಎಂದಾಗಿ, ಹಿಂದಿಯಲ್ಲಿ 'ಸತ್ರಹ', ಮರಾಠಿಯಲ್ಲಿ 'ಸತರಾ', ಗುಜರಾತಿಯಲ್ಲಿ 'ಸತ್ತರ' ಎಂದು ನಿಂತಿದೆ. ಧ್ವನಿಯಲ್ಲಿ ಮರಾಠಿಯ ರೂಪವು ಅತ್ಯಂತ ಸಮೀಪವಾದುದು. ಆದರೆ ಹಿಂದಿಯ 'ಸತ್ರಹ'ದ ಕೊನೆಯ ಹಕಾರವು ಪರಭಾಷಿಕರ ಬಾಯಲ್ಲಿ ಬಿದ್ದುಹೋಗುವುದೂ ಸಹಜವೇ. ಆದಕಾರಣ ಮೂಲವು ಇಂಥದೇ ಭಾಷೆಯೆಂದು ನಿರ್ಧರಿಸಲು ಧ್ವನಿಯೊಂದೇ ಸಾಲದು. ಮಹಾರಾಷ್ಟ್ರದ ಸಾತಾರೆಯ ಹೆಸರನ್ನೂ ಹದಿನೇಳೆಂಬ ಸಂಖ್ಯೆಗೆ ಜೋಡಿಸುವ ವಾಡಿಕೆಯಿದೆ. ಆದರೆ ಆಫ್ರಿಕದ ಕಥೆಯು ಆ ಊರನ್ನು ಹೇಳುವುದಿಲ್ಲ, ಸಂಖ್ಯೆಯನ್ನು ಮಾತ್ರವೇ ಹೇಳುತ್ತದೆ. ೧೮೬೦ರಿಂದ ಕರಾರಿನ ಕೂಲಿಗಳಾಗಿ ಭಾರತೀಯರು ನಟಾಲಿಗೆ ಬರತೊಡಗಿದರು. ಅವರ ಹಿಂದೆಯೇ ಗುಜರಾತಿನ ವರ್ತಕರೂ ಬಂದರು. ಅಲ್ಲಿಂದ ಕೆಲವರು ಟ್ರಾನ್ಸ್‌ವಾಲಿಗೂ ಹೋದರು. ಸರ್ವೆಯ ಕೆಲಸದಲ್ಲಿ ಭಾರತೀಯನೊಬ್ಬನಿದ್ದನೆಂಬುದು ಹೀಗಾಗಿ ಅಸಂಭಾವ್ಯವಾದುದಲ್ಲ. ಕಥೆಯು ಆತನ ಹೆಸರನ್ನು ಹೇಳುವುದಿಲ್ಲ. ಆತನು ಬರೆದ ಅಂಕೆಯು ಉಳಿಯಿತು, ಬರೆದವನು ಉಳಿಯಲಿಲ್ಲ.

ಈ ಕಥೆಗೆ ಸೇರಿಸಬೇಕಾದ ಇನ್ನೊಂದು ಸಂಗತಿಯುಂಟು. ಒಲಿಫಾಂಟ್ಸ್ ಹೊಳೆಯ ಬಳಿ, ಸತಾರಾದ ಉತ್ತರಕ್ಕೆ, ಬಲೂಲೆ ಎಂಬ ಪುಟ್ಟ ತಂಗುದಾಣವಿದೆ. ವಿದ್ಯುದ್ದೀಪವಿಲ್ಲದೆ ಲಾಂದ್ರಗಳ ಬೆಳಕಿನಲ್ಲಿ ರಾತ್ರಿ ಕಳೆಯುವ ಅದರ ಸರಳತೆಯನ್ನು ಇಂದಿನ ಪ್ರವಾಸಿಗಳು ಮೆಚ್ಚುತ್ತಾರೆ. ವರ್ಣಭೇದವು ನಡೆಯುತ್ತಿದ್ದ ಕಾಲದಲ್ಲಿ ಬಿಳಿಯರಲ್ಲದ ಪ್ರವಾಸಿಗಳಿಗೆ ಗೊತ್ತುಮಾಡಿದ್ದ ಬಿಡಾರ ಇದೇ ಆಗಿದ್ದಿತು. ಆಫ್ರಿಕನರೂ ಭಾರತೀಯರೂ ದೊಡ್ಡ ತಂಗುದಾಣಗಳಲ್ಲಿ ಅಡಿಗೆಯವರಾಗಿ, ಆಳುಗಳಾಗಿ ಇರಬಹುದಾಗಿತ್ತು, ಅತಿಥಿಗಳಾಗಿ ಅಲ್ಲ. ಭಾರತೀಯನೊಬ್ಬನ ಸಂಖ್ಯೆಯಿಂದ ಹೆಸರುಗೊಂಡ ಸತಾರಾದಲ್ಲಿ ಭಾರತೀಯನಿಗೆ ಹಾಸಿಗೆಯಿರಲಿಲ್ಲ. ನಕ್ಷೆಯ ಮೇಲೆ ಹೆಸರನ್ನು ಓದುವವನಿಗೆ ಇದು ಕಾಣುವುದಿಲ್ಲ. ಹೆಸರಿನೊಡನೆ ನಡೆದ ವೃತ್ತಾಂತವನ್ನು ಕೂಡಿಸಿ ಓದಿದಾಗ ಮಾತ್ರ ಕಾಣುತ್ತದೆ.

೭. ಪಫೂರಿ ಮತ್ತು ಮಕುಲೇಕೆಯವರು

ಉದ್ಯಾನದ ಉತ್ತರದ ತುದಿಯಲ್ಲಿ ಲುವೂವು ಹೊಳೆಯು ಲಿಂಪೋಪೋವನ್ನು ಕೂಡುವೆಡೆಯ ಸೀಮೆಗೆ ಪಫೂರಿಯೆಂದು ಹೆಸರು. ವೆಂಡಾ ಜನರ 'ಂಫಫೂಲಿ' ಎಂಬ ನಾಯಕವಂಶದ ಹೆಸರು ಪರರ ಉಚ್ಚಾರಣೆಯಲ್ಲಿ ಸವೆದು ಹೀಗಾಗಿದೆ. ಈ ಸೀಮೆಯ ತುಲಮೇಲಾ ಎಂಬ ದಿಣ್ಣೆಯ ಮೇಲೆ ಕಲ್ಲಿನ ಪ್ರಾಕಾರಗಳುಳ್ಳ ಪುರಾತನ ಪಟ್ಟಣದ ಅವಶೇಷಗಳಿವೆ. ೧೯೯೦ರ ದಶಕದಲ್ಲಿ ಅಗೆದಾಗ ಅಲ್ಲಿ ಚಿನ್ನದ ಆಭರಣಗಳೂ, ಹಿಂದೂ ಮಹಾಸಾಗರದ ವ್ಯಾಪಾರದಿಂದ ಬಂದ ಗಾಜಿನ ಮಣಿಗಳೂ, ಚೀನದ ಪಿಂಗಾಣಿಯ ಚೂರುಗಳೂ ದೊರೆತುವು. ಯೂರೋಪಿಯನರು ಬರುವ ಮೊದಲು ಇದು ನಿರ್ಜನವಾದ ಕಾಡಾಗಿತ್ತೆಂಬ ಭಾವನೆಯನ್ನು ಈ ಕಲ್ಲುಗೋಡೆಗಳು ಅಲ್ಲಗಳೆಯುತ್ತವೆ. ಅಗೆತದಲ್ಲಿ ಸಿಕ್ಕಿದ ಅಸ್ಥಿಗಳನ್ನು ಸುತ್ತಲಿನ ಜನರ ಸಮ್ಮುಖದಲ್ಲಿ ಮರಳಿ ಭೂಸ್ಥಾಪನೆ ಮಾಡಿದರು.

ಇದೇ ಪಫೂರಿಯಲ್ಲಿ ತ್ಸೋಂಗಾ ನುಡಿಯ ಮಕುಲೇಕೆ ಜನರು ವಾಸವಾಗಿದ್ದರು. ೧೯೬೯ರಲ್ಲಿ ವರ್ಣಭೇದದ ಸರ್ಕಾರವು ಸುಮಾರು ಮೂರು ಸಾವಿರ ಮಂದಿಯನ್ನು ಬಲವಂತದಿಂದ ಹೊರಡಿಸಿ, ಎರಡು ಹೊಳೆಗಳ ನಡುವಣ ಸುಮಾರು ೨೪,೦೦೦ ಹೆಕ್ಟೇರು ನೆಲವನ್ನು ಉದ್ಯಾನಕ್ಕೆ ಸೇರಿಸಿತು. ಸ್ಕುಕೂಜಾ ಎಂಬ ಪದವು ಹುಟ್ಟಿದ ಕಾಲದಿಂದ ಅರುವತ್ತಕ್ಕಿಂತ ಹೆಚ್ಚು ವರ್ಷಗಳ ತರುವಾಯವೂ ಗುಡಿಸುವ ಕಾರ್ಯವು ನಿಂತಿರಲಿಲ್ಲ. ೧೯೯೪ರಲ್ಲಿ ಸರ್ವಜನರ ಮತದಿಂದ ಹೊಸ ಸರ್ಕಾರವು ಬಂದು, ಕಳೆದುಕೊಂಡ ನೆಲವನ್ನು ಕೇಳುವ ಹಕ್ಕನ್ನು ಶಾಸನದಿಂದ ಕೊಟ್ಟಿತು. ಮಕುಲೇಕೆಯವರು ಆ ಹಕ್ಕನ್ನು ಚಲಾಯಿಸಿ ೧೯೯೮ರಲ್ಲಿ ತಮ್ಮ ನೆಲದ ಒಡೆತನವನ್ನು ಮರಳಿ ಪಡೆದರು.

ಇದರ ಮೇಲೆ ಅವರು ಮಾಡಿದ ನಿರ್ಧಾರವು ವಿಚಾರಯೋಗ್ಯವಾದುದು. ಅವರು ಆ ನೆಲದಲ್ಲಿ ಮರಳಿ ಹೊಲ ಹೂಡಲಿಲ್ಲ. ಅದನ್ನು ಅರಣ್ಯವಾಗಿಯೇ ಉಳಿಸಲು ಉದ್ಯಾನದವರೊಡನೆ ಕರಾರು ಮಾಡಿಕೊಂಡು, ವಿಹಾರಗೃಹಗಳನ್ನು ಕಟ್ಟುವವರಿಗೆ ಸ್ಥಳವನ್ನು ಕೊಟ್ಟು, ಅದರ ವರಮಾನವನ್ನೂ ಉದ್ಯೋಗಗಳನ್ನೂ ತಮ್ಮವರಿಗೆ ಒದಗಿಸಿಕೊಂಡರು. ಅಲ್ಲಿಯ ಜೌಗುನೆಲಗಳಿಗೆ 'ಮಕುಲೇಕೆ' ಎಂಬ ಹೆಸರಿನಿಂದಲೇ ೨೦೦೭ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆಯು ದೊರೆಯಿತು. ಹೊರಡಿಸಿದವನ ಅಡ್ಡಹೆಸರು ದಕ್ಷಿಣದ ನೆಲೆಗೆ. ಹೊರಟು ಮರಳಿದವರ ಸ್ವಂತ ಹೆಸರು ಉತ್ತರದ ನೆಲೆಗೆ. ಆದರೆ ಈ ನ್ಯಾಯವು ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಉದ್ಯಾನದ ಇತರ ಭಾಗಗಳಿಗೆ ಹಕ್ಕು ಹೂಡಿದವರಿಗೆ ನೆಲವನ್ನು ಹಿಂದಕ್ಕೆ ಕೊಡುವುದಿಲ್ಲವೆಂದೂ, ಬೇರೆ ವಿಧದ ಪರಿಹಾರವನ್ನು ಕೊಡುವುದೆಂದೂ ಮುಂದಿನ ದಶಕದಲ್ಲಿ ಸರ್ಕಾರವು ನಿರ್ಣಯಿಸಿತು.

೮. ಉಪಸಂಹಾರ

ಸಾಬೀ ಹೊಳೆಯ ಹಳೆಯ ಸೇತುವೆಯ ಮೇಲೆ ೧೯೭೦ರ ದಶಕದ ಆರಂಭದಿಂದ ರೈಲು ಓಡುತ್ತಿಲ್ಲ. ದಾರಿಯನ್ನು ಉದ್ಯಾನದ ಹೊರಕ್ಕೆ ತಿರುಗಿಸಿದರು. ೨೦೨೦ರ ಡಿಸೆಂಬರಿನಲ್ಲಿ ಅದೇ ಸೇತುವೆಯ ಮೇಲೆ ಚಲಿಸದ ರೈಲುಗಾಡಿಗಳನ್ನು ನಿಲ್ಲಿಸಿ ಕೋಣೆಗಳನ್ನಾಗಿ ಮಾಡಿದ ವಿಹಾರಗೃಹವೊಂದು ಪ್ರಾರಂಭವಾಯಿತು. ಗಾಡಿಯಲ್ಲಿ ಮಲಗಿ ಕಾಡನ್ನು ನೋಡಿದ ೧೯೨೩ರ ಯಾತ್ರಿಕರ ಅನುಭವವನ್ನು ಇದು ಮತ್ತೆ ಮಾರುತ್ತದೆ, ಬೆಲೆ ಮಾತ್ರ ಬಹಳ ಹೆಚ್ಚು. ಇದಕ್ಕಿಟ್ಟ ಹೆಸರು 'ಶಾಲಾಟಿ'. ಅದು ಆ ಸೀಮೆಯ ಒಬ್ಬ ನಾಯಕಿಯ ಹೆಸರೆಂದೂ, ರೈಲುದಾರಿಯ 'ಸೆಲಾಟಿ'ಯೂ ಅದರ ವಿಕಾರವೇ ಎಂದೂ ಹೇಳುವರು. ನೂರು ವರ್ಷ ಹಳಿಯ ಮೇಲೆ ಓಡಿ ಸವೆದ ಮಾತನ್ನು ಅದರ ಮೊದಲ ರೂಪಕ್ಕೆ ತರುವ ಪ್ರಯತ್ನವಿದು. ಜಾಹೀರಾತಿನ ಪ್ರಯೋಜನವೂ ಇದರಲ್ಲಿದೆ.

ಈ ಹೆಸರುಗಳ ಸಮೂಹದಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಪದ್ಧತಿಗೆ ಸಂಬಂಧಿಸಿದುದು: ಸ್ಥಳನಾಮಕ್ಕೆ ಅರ್ಥವನ್ನು ಹೇಳಿದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಆ ಪದವನ್ನು ಯಾರು ಆಡಿದರು, ಯಾರನ್ನು ಕುರಿತು ಆಡಿದರು, ಫಲಕದ ಮೇಲೆ ಯಾರು ಬರೆಯಿಸಿದರು, ಈ ಮೂರನ್ನೂ ಕೇಳಬೇಕು. ಸ್ಕುಕೂಜಾ ಎಂಬಲ್ಲಿ ಈ ಮೂರಕ್ಕೂ ಬೇರೆ ಬೇರೆ ಉತ್ತರಗಳು. ಎರಡನೆಯದು ವಸ್ತುವಿಗೆ ಸಂಬಂಧಿಸಿದುದು: ಅಭಯಾರಣ್ಯವೆಂದರೆ ಮನುಷ್ಯರಿಲ್ಲದ ಆದಿಕಾಲದ ಕಾಡೆಂಬ ಕಲ್ಪನೆಯನ್ನು ಅದರ ವಿಹಾರಗ್ರಾಮಗಳ ಹೆಸರುಗಳೇ ಸುಳ್ಳುಮಾಡುತ್ತವೆ. ಕಾಡಿಗೆ ಅಭಯವು ದೊರೆತುದು ನಿಜ. ಅದರ ಬೆಲೆಯನ್ನು ಕೊಟ್ಟವರು ಹೆಚ್ಚಾಗಿ ಅಲ್ಲಿಯ ಹಳ್ಳಿಗರು. ಸಂಜೆ ಬಾಗಿಲು ಮುಚ್ಚುವ ಮೊದಲು ತಂಗುದಾಣವನ್ನು ಸೇರುವ ಪ್ರವಾಸಿಯು ಫಲಕದ ಮೇಲಿನ ಹೆಸರನ್ನು ಓದಿಕೊಂಡು ಒಳಕ್ಕೆ ಹೋಗುತ್ತಾನೆ. ಆ ಸೀಮೆಯಲ್ಲಿ ಹಿಂದೆ ಇದ್ದವರ ಮಾತು ಅಷ್ಟರ ಮಟ್ಟಿಗಾದರೂ ಅವನ ಕಿವಿಗೆ ಬೀಳುತ್ತದೆ.